ಉದ್ರಿ ಪುಸ್ತಕದ ಇನ್ನೊಂದು ಕಾಲಂ

ಮಂಡ್ಯ ಕಡೆ ನನ್ನ ಹಾಗೆ ಗೊಬ್ಬರ, ಬೆಳೆ ಔಷಧಿ ಅಂಗಡಿ ಇಟ್ಟವರಿಗೆ ಗಿರಾಕಿಗಳ ಚಿಂತೆ ಕಡಿಮೆ. ನಾಲೆಗೆ ನೀರು ಬಿಟ್ಟರೆ ಸಾಕು, ಅಂಗಡಿ ಮುಂದೆ ಬೈಕು ಸಾಲುಗಟ್ಟುತ್ತವೆ. ಬಿಲ್ ಪುಸ್ತಕ ತುಂಬುತ್ತದೆ, ಗಲ್ಲಾ ಮಾತ್ರ ತುಂಬುವುದಿಲ್ಲ. ಕಂಪನಿಯವರು ತಿಂಗಳಿಗೆ ದುಡ್ಡು ಕೇಳುತ್ತಾರೆ. ರೈತ "ಕಟಾವಾಗ್ಲಿ ಕಣಣ್ಣ, ಕೊಡ್ತೀನಿ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಕಬ್ಬು ಕಟಾವಿಗೆ ಬರಲು ಹನ್ನೆರಡು ತಿಂಗಳು ಬೇಕು.

ಒಂದು ಲೆಕ್ಕ ನೋಡಿ. 920 ರೂಪಾಯಿಗೆ ತಂದ ಔಷಧಿಯನ್ನು 1,000ಕ್ಕೆ ಕೊಟ್ಟೆ, ಲಾಭ 80. ಆ 920 ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ್ದು, ಬಡ್ಡಿ 11% ಅಂತ ಇಟ್ಟುಕೊಳ್ಳಿ. ವರ್ಷ ಕಳೆದು ಬಾಕಿ ಬಂದರೆ ಬಡ್ಡಿಯೇ 101 ರೂಪಾಯಿ. ಪೈಸೆ ಬಿಡದೆ ವಸೂಲಾದರೂ 21 ರೂಪಾಯಿ ಲುಕ್ಸಾನು. ಇನ್ನು ಜಿಎಸ್‌ಟಿ ಲೆಕ್ಕ ಶುರುವಾಗುವುದು ಬಿಲ್ ಹರಿದ ದಿನದಿಂದ, ರೈತ ದುಡ್ಡು ಕೊಟ್ಟ ದಿನದಿಂದ ಅಲ್ಲ.

ಅದಕ್ಕೇ ನನ್ನ ಉದ್ರಿ ಪುಸ್ತಕದಲ್ಲಿ ಹೆಸರು, ಮೊತ್ತದ ಪಕ್ಕ ಇನ್ನೊಂದು ಕಾಲಂ ಇದೆ: ಈ ಬಾಕಿ ಯಾವ ದುಡ್ಡಿನಲ್ಲಿ ತೀರುತ್ತದೆ? ಹಾಲು, ರೇಷ್ಮೆ, ಭತ್ತ, ಕಬ್ಬು. ಡೇರಿ ಬಟವಾಡೆ ಬೇಗ ಕೈಗೆ ಬರುತ್ತದೆ. ರೇಷ್ಮೆ ಹುಳು ಮನೆ ಇದ್ದವರಿಗೆ ಒಂದು ಬೆಳೆಗೆ ಸುಮಾರು ಒಂದು ತಿಂಗಳು, ಗೂಡು ಮಾರಿದರೆ ದುಡ್ಡು. ಭತ್ತಕ್ಕೆ ನಾಲ್ಕೈದು ತಿಂಗಳು. ಕಬ್ಬಿನ ದುಡ್ಡಿಗೆ ಗ್ಯಾರಂಟಿ ತಾರೀಖೇ ಇಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ 15% ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಆ 14 ದಿನವನ್ನು ನಂಬಿ ನಾನು ಯಾರಿಗೂ ಚೆಕ್ ಬರೆಯುವುದಿಲ್ಲ.

ನಮ್ಮ ರೈತರಲ್ಲಿ ಬಹಳ ಜನಕ್ಕೆ ಒಂದೇ ದಾರಿ ಅಂತಿಲ್ಲ. ಎರಡು ಹಸು ಇರುತ್ತವೆ, ಅರ್ಧ ಎಕರೆ ಹಿಪ್ಪುನೇರಳೆ, ಜೊತೆಗೆ ಕಬ್ಬು. ಸಣ್ಣ ಬಾಕಿಗಳನ್ನು ಹಾಲಿನ ದುಡ್ಡಿಗೆ ಹಚ್ಚುತ್ತೇನೆ, ಗೊಬ್ಬರದ ದೊಡ್ಡ ಬಾಕಿಯನ್ನು ಮಾತ್ರ ಕಟಾವಿಗೆ ಬಿಡುತ್ತೇನೆ. ಮಾಲು ಕೊಡುವ ಮುಂಚೆಯೇ ಮಾತಾಡಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಕೇಳಿದರೆ ಜಗಳ.

ವಾರಕ್ಕೊಮ್ಮೆ ಆ ಕಾಲಂ ನೋಡಿಕೊಂಡು, ಮುಂದಿನ ಎಂಟು ವಾರಗಳಲ್ಲಿ ಬರುವುದೆಷ್ಟು, ಕೊಡುವುದೆಷ್ಟು ಅಂತ ಒಂದು ಹಾಳೆಯಲ್ಲಿ ಬರೆಯುತ್ತೇನೆ. ಬರುವುದನ್ನು ಕಡಿಮೆ ಹಿಡಿದು ಬರೆಯುತ್ತೇನೆ, ಕೊಡುವುದನ್ನು ಪೂರ್ತಿ. ಯಾವ ವಾರ ದುಡ್ಡು ಸಾಲದೆ ಗುಂಡಿ ಕಾಣುತ್ತದೋ ಅದಕ್ಕೆ ಮುಂಚೆಯೇ ಕಂಪನಿಯವರಿಗೆ ಫೋನು ಮಾಡಿ, ಅರ್ಧ ಲೋಡು ಸಾಕು ಅನ್ನುತ್ತೇನೆ. ಪೂರ್ತಿ ಲೋಡಿಗೆ ಸ್ಕೀಮು ಇದೆ ಸಾರ್ ಅಂತ ಅವರು ಆಸೆ ತೋರಿಸುತ್ತಾರೆ. ಗೋಡೌನಿನಲ್ಲಿ ಎಕ್ಸ್‌ಪೈರಿಯಾಗುವ ಮಾಲಿಗೆ ಸ್ಕೀಮು ಏನು ಮಾಡೀತು?

ಆರ್ಡರ್ ಹಾಕುವ ಮುಂಚೆ ಕನ್ನಂಬಾಡಿ ಕಟ್ಟೆಯ ಮಟ್ಟವನ್ನೂ ನೋಡುತ್ತೇನೆ. 124.80 ಅಡಿಗೆ, ಅಂದರೆ ಪೂರ್ತಿ ಮಟ್ಟಕ್ಕೆ ಬಂದರೆ ಧೈರ್ಯ. 2023ರ ಹಾಗೆ ತುಂಬದಿದ್ದರೆ ನಾಟಿ ಕಡಿಮೆ, ಹಳೇ ಬಾಕಿಯೂ ಮುಂದಕ್ಕೆ ಹೋಗುತ್ತದೆ. ಆ ವರ್ಷದ ಆರ್ಡರು ಚಿಕ್ಕದಾಗಲೇಬೇಕು.

ಉದ್ರಿಯೆಂದು ಎಂಆರ್‌ಪಿ ಮೀರಿ ಬೆಲೆ ಹಾಕುವಂತಿಲ್ಲ. ಹಾಗಾಗಿ ಔಷಧಿಗೆ ನಗದು ಕೊಟ್ಟವರಿಗೆ ಒಂದಿಷ್ಟು ಬಿಡುತ್ತೇನೆ. 45 ಕೆಜಿ ಯೂರಿಯಾ ಚೀಲದ ಬೆಲೆ 266.50 ರೂಪಾಯಿ, ಕಮಿಷನ್ನು ಕಾಫಿ ದುಡ್ಡು. ಅದಕ್ಕೆ ಬಿಡುವುದೂ ಇಲ್ಲ, ಉದ್ರಿಯೂ ಇಲ್ಲ.