ಕೊನೆಯವರು ಯಾರು?

ಸ್ಪೇನಿನ ಗ್ರಾನಡಾಕ್ಕೆ ಹೋದ ನಾಲ್ಕನೆಯ ದಿನ ಮನೆಯ ಹತ್ತಿರದ ಮಾರುಕಟ್ಟೆಯಲ್ಲಿ ಒಂದು ತರಕಾರಿ ಅಂಗಡಿಯ ಮುಂದೆ ಇಪ್ಪತ್ತು ನಿಮಿಷ ನಿಂತು ಬರಿಗೈಯಲ್ಲಿ ವಾಪಸು ಬಂದೆ. ಅಲ್ಲಿ ಸಾಲು ಇರಲಿಲ್ಲ. ಐದಾರು ಅಜ್ಜಿಯರು ಅಲ್ಲೊಬ್ಬರು ಇಲ್ಲೊಬ್ಬರು ನಿಂತು ಹರಟುತ್ತಿದ್ದರು. ಸಂತೆಯ ಅಭ್ಯಾಸದಂತೆ ಮೆಲ್ಲಗೆ ಮುಂದಕ್ಕೆ ನುಸುಳಿದೆ. ಅಂಗಡಿಯವನು ನೋಡಿಯೂ ನೋಡದವನಂತೆ ಇದ್ದ. ನನ್ನ ಹಿಂದೆ ಬಂದವರೆಲ್ಲ ಚೀಲ ತುಂಬಿಸಿಕೊಂಡು ಹೊರಟರು. ನನ್ನ ಮೈಬಣ್ಣ ನೋಡಿ ಹೀಗೆ ಮಾಡಿದ ಎಂದು ಸಿಟ್ಟು ಬಂತು.

ಸಂಜೆ ನಮ್ಮ ಮನೆಯೊಡತಿ ಕತೆ ಕೇಳಿ ನಕ್ಕರು. ‘ನೀನು ಕೇಳಲೇ ಇಲ್ಲವಲ್ಲ!’ ಎಂದರು. ಬಂದವರು ಮೊದಲು ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಎನ್ನಬೇಕು. ಕೊನೆಯವರು ಯಾರು ಎಂದು ಅರ್ಥ. ಯಾರೋ ಒಬ್ಬರು ‘ಯೊ’, ಅಂದರೆ ನಾನು, ಎನ್ನುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಸಾಕು. ಆ ಗಳಿಗೆಯಿಂದ ಕೊನೆಯವರು ನೀವು, ಮುಂದೆ ಬರುವವರಿಗೆ ‘ಯೊ’ ಎನ್ನುವ ಹೊಣೆಯೂ ನಿಮ್ಮದು. ಆಮೇಲೆ ಎಲ್ಲಿ ಬೇಕಾದರೂ ನಿಲ್ಲಿ, ಪಕ್ಕದ ಅಂಗಡಿಯಲ್ಲಿ ಬ್ರೆಡ್ಡು ಕೊಂಡು ಬನ್ನಿ, ನಿಮ್ಮ ಸರದಿಯನ್ನು ಅಜ್ಜಿಯರೇ ಕಾಯುತ್ತಾರೆ. ಮರುದಿನ ನಡುಗುವ ದನಿಯಲ್ಲಿ ಕೇಳಿದೆ. ಮೂರು ಅಜ್ಜಿಯರು ಒಟ್ಟಿಗೆ ತಿರುಗಿದರು, ಒಬ್ಬರು ‘ಯೊ, ಇಹಾ’ ಎಂದರು. ‘ಇಹಾ’ ಎಂದರೆ ಮಗಳೇ. ಅದೇ ಅಂಗಡಿಯವನು ಆ ದಿನ ಟೊಮೆಟೊ ಜೊತೆಗೆ ಒಂದು ಹಿಡಿ ಪಾರ್ಸ್ಲಿ ಸೊಪ್ಪನ್ನು ಕೊಸರು ಹಾಕಿದ.

ಮಾತಾಡದೆ ಸುಮ್ಮನಿರುವುದು ಸಭ್ಯತೆ ಎಂದುಕೊಂಡು ಹೋಗಿದ್ದೆ. ಅಲ್ಲಿ ಅದೇ ತಪ್ಪು. ಲಿಫ್ಟಿನೊಳಗೆ ಕಾಲಿಟ್ಟರೆ ‘ಬುವೆನೊಸ್ ದಿಯಾಸ್’ (ಶುಭದಿನ), ಇಳಿಯುವಾಗ ‘ಅಸ್ತ ಲುವೆಗೊ’ (ಮತ್ತೆ ಸಿಗೋಣ), ಗುರುತಿಲ್ಲದವರು ಊಟ ಮಾಡುತ್ತಿದ್ದರೂ ಹಾದುಹೋಗುವಾಗ ‘ಕೆ ಅಪ್ರೊವೆಚೆ’ (ಚೆನ್ನಾಗಿ ಉಣ್ಣಿ) ಎನ್ನಬೇಕು. ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಮುತ್ತಿನ ಸದ್ದು ಮಾಡುವುದು ಮಾತ್ರ ನನಗೆ ಕಷ್ಟವಾಯಿತು. ಮೊದಲ ತಿಂಗಳು ಗಾಬರಿಯಿಂದ ಕೈಮುಗಿದುಬಿಡುತ್ತಿದ್ದೆ.

ಮಧ್ಯಾಹ್ನ ಹನ್ನೆರಡೂವರೆಗೆ ಹಸಿದು ಹೊಟೇಲಿಗೆ ಹೋದರೆ ಅಡುಗೆಮನೆಯೇ ತೆರೆದಿರುವುದಿಲ್ಲ. ಇವರೇನು ಸೋಮಾರಿಗಳೇ ಎಂದು ಬೈದುಕೊಂಡಿದ್ದೆ. ಆಮೇಲೆ ಲೆಕ್ಕ ತಿಳಿಯಿತು. ಗ್ರಾನಡಾ ಇರುವುದು ಗ್ರೀನಿಚ್‌ಗಿಂತ ಪಶ್ಚಿಮಕ್ಕೆ, ಗಡಿಯಾರ ಮಾತ್ರ 1940ರಿಂದ ಬರ್ಲಿನ್ನಿನದು. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಎರಡೂಕಾಲರ ಸುಮಾರಿಗೆ. ಎರಡೂವರೆಗೆ ಉಣ್ಣುವವರು ಸೂರ್ಯನ ಪ್ರಕಾರ ಸರಿಯಾದ ಹೊತ್ತಿಗೇ ಉಣ್ಣುತ್ತಾರೆ. ರಾತ್ರಿಯೂಟ ಒಂಬತ್ತೂವರೆಗೆ. ನಡುವೆ ಬಾರಿನಲ್ಲಿ ಒಂದು ಪಾನೀಯ ತೆಗೆದುಕೊಂಡರೆ ಗ್ರಾನಡಾದಲ್ಲಿ ಜೊತೆಗೆ ತಾಪಾ ಎಂಬ ಚಿಕ್ಕ ತಟ್ಟೆಯ ತಿಂಡಿ ಪುಕ್ಕಟೆ.

ಸಸ್ಯಾಹಾರಿಗಳಿಗೆ ಒಂದು ಮಾತು. ‘ಸಿನ್ ಕಾರ್ನೆ’, ಮಾಂಸ ಬೇಡ, ಎಂದು ಹೇಳಿ ನಿಶ್ಚಿಂತೆಯಿಂದ ಕುಳಿತೆ. ಸಲಾಡಿನ ಮೇಲೆ ಟ್ಯೂನಾ ಮೀನು ಬಂತು. ಇನ್ನೊಮ್ಮೆ ಹಾಮೋನ್ ಎಂಬ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಚೂರುಗಳು. ಅವು ‘ಕಾರ್ನೆ’ಯ ಲೆಕ್ಕಕ್ಕೆ ಬರುವುದಿಲ್ಲವಂತೆ! ‘ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಾಮೋನ್’, ಮಾಂಸವೂ ಬೇಡ, ಮೀನೂ ಬೇಡ, ಹಾಮೋನೂ ಬೇಡ, ಎಂದು ಮಂತ್ರದಂತೆ ಹೇಳುವುದನ್ನು ರೂಢಿಸಿಕೊಂಡೆ. ಬಾಯಿಗೆ ಹಿಡಿಸಿದ್ದು ಬದನೆಕಾಯಿ. ಬಜ್ಜಿಯಂತೆ ಗರಿಗರಿಯಾಗಿ ಕರಿದು, ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಆ ಪಾಕ ನಮ್ಮ ಜೋನಿಬೆಲ್ಲವೇ, ಸ್ವಲ್ಪ ಕಪ್ಪು ಹೆಚ್ಚು.

ಮೂಢನಂಬಿಕೆಯ ವಿಷಯಕ್ಕೆ ಬಂದರೆ ನನಗೆ ತವರಿಗೆ ಬಂದಂತಾಯಿತು. ಮನೆಯೊಡತಿಯ ಮೇಜಿನಲ್ಲಿ ಉಪ್ಪಿನ ಡಬ್ಬಿ ಕೇಳಿದಾಗ ಅವರು ಅದನ್ನು ನನ್ನ ಕೈಗೆ ಕೊಡದೆ ಮುಂದೆ ಇಟ್ಟರು. ನನ್ನ ಅಜ್ಜಿಯೂ ಉಪ್ಪನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ಜಗಳವಾಗುತ್ತದೆ ಎಂದು. ಸೀನಿದರೆ ಅಜ್ಜಿ ‘ಚಿರಂಜೀವಿ’ ಎಂದಂತೆ ಇವರು ‘ಹೆಸೂಸ್’, ಅಂದರೆ ಯೇಸು, ಎನ್ನುತ್ತಾರೆ. ಅಪಶಕುನ ಇಂಗ್ಲಿಷರಂತೆ ಹದಿಮೂರನೆಯ ತಾರೀಖಿನ ಶುಕ್ರವಾರಕ್ಕಲ್ಲ, ಅದೇ ತಾರೀಖಿನ ಮಂಗಳವಾರಕ್ಕೆ. ಅಂದು ಮದುವೆಯಾಗಬೇಡ, ಹಡಗು ಹತ್ತಬೇಡ ಎಂದು ಗಾದೆಯೇ ಇದೆ. ಕ್ಯಾಥೆಡ್ರಲ್ ಬಳಿ ರೋಸ್ಮರಿ ಎಂಬ ಪರಿಮಳದ ಗಿಡದ ಕಡ್ಡಿ ಚಾಚುವ ಹೆಂಗಸರದು ಬೇರೆ ಕತೆ: ಕಡ್ಡಿ ಹಿಡಿದರೆ ಕೈನೋಡಿ ಭವಿಷ್ಯ ಹೇಳಿ ದುಡ್ಡು ಕೇಳುತ್ತಾರೆ. ಕೈ ಜೇಬಿನಲ್ಲಿರಲಿ.

ಡಿಸೆಂಬರ್ 31ರ ರಾತ್ರಿ ಟಿವಿಯ ಮುಂದೆ ಎಲ್ಲರ ಕೈಯಲ್ಲೂ ಹನ್ನೆರಡು ದ್ರಾಕ್ಷಿಗಳ ಬಟ್ಟಲು. ಮ್ಯಾಡ್ರಿಡ್‌ನ ಪುವೆರ್ತ ದೆಲ್ ಸೋಲ್ ಚೌಕದಲ್ಲಿ 1866ರಿಂದ ನಡೆಯುತ್ತಿರುವ ಗಡಿಯಾರದ ಒಂದೊಂದು ಹೊಡೆತಕ್ಕೂ ಒಂದೊಂದು ದ್ರಾಕ್ಷಿ ನುಂಗಿದರೆ ವರ್ಷವಿಡೀ ಅದೃಷ್ಟ. ಎರಡು ಹೊಡೆತಗಳ ನಡುವೆ ಸಿಗುವುದು ಮೂರು ಸೆಕೆಂಡು. ಅನುಭವಸ್ಥರು ಸಂಜೆಯೇ ಸಿಪ್ಪೆ ಸುಲಿದು ಬೀಜ ತೆಗೆದಿಟ್ಟುಕೊಳ್ಳುತ್ತಾರೆ. ನಾನು ಇಡೀ ಹಣ್ಣನ್ನೇ ಹಿಡಿದು ಕುಳಿತಿದ್ದೆ. ಗಂಟೆ ಬಾರಿಸಿತು, ಒಂದನ್ನು ಬಾಯಿಗೆ ಹಾಕಿಕೊಂಡೆ. ಮನೆಯೊಡತಿ ನನ್ನ ಮೊಣಕೈಗೆ ಹೊಡೆದು ‘ಕ್ವಾರ್ತೊಸ್! ಕ್ವಾರ್ತೊಸ್!’ ಎಂದು ಕೂಗಿದರು. ಮೊದಲು ಬರುವ ನಾಲ್ಕು ಜೋಡಿ ಸದ್ದುಗಳು ಬರೀ ಮುನ್ಸೂಚನೆ, ಲೆಕ್ಕಕ್ಕಿಲ್ಲ. ನಿಜವಾದ ಎಣಿಕೆ ಶುರುವಾದಾಗ ನಾನು ಬೀಜ ಉಗುಳುವುದರಲ್ಲೇ ಇದ್ದೆ. ಹನ್ನೆರಡನೆಯ ಹೊಡೆತಕ್ಕೆ ಬಾಯಲ್ಲಿ ಇನ್ನೂ ಐದು ದ್ರಾಕ್ಷಿಗಳಿದ್ದವು. ಎಲ್ಲರೂ ‘ಫೆಲಿಸ್ ಆನ್ಯೊ!’ ಎನ್ನುತ್ತ ಕೆನ್ನೆ ಚಾಚಿ ಬಂದರು. ಬಾಯಿ ತೆರೆಯುವಂತಿರಲಿಲ್ಲ. ಕೈಮುಗಿದೆ.