ಸರ್ಕಾರ್ ತಂಬಿಗೆ ನಮ್ಮ ಜಾತ್ರೆಯಲ್ಲೂ ನಡೆಯಿತು: ನನ್ನ ಅನುಭವ

ಬಂಗಾಳದ ಜಾದೂಗಾರ ಪಿ.ಸಿ. ಸರ್ಕಾರ್ ಹೆಸರು ತೆಗೆದರೆ ಸಾಕು, ನಮ್ಮ ಜಾದೂ ಬಳಗದವರು ಗರಗಸದ ಕಥೆ ಶುರು ಮಾಡುತ್ತಾರೆ. 1956ರ ಏಪ್ರಿಲ್‌ನಲ್ಲಿ ಬಿಬಿಸಿಯ 'ಪನೋರಮಾ' ಕಾರ್ಯಕ್ರಮದಲ್ಲಿ ಹುಡುಗಿಯನ್ನು ಎರಡು ಹೋಳು ಮಾಡಿದ್ದು, ಅವಳು ಏಳುವ ಮೊದಲೇ ಕಾರ್ಯಕ್ರಮ ಮುಗಿದಿದ್ದು, ಮನೆಯಲ್ಲಿ ಟಿವಿ ನೋಡುತ್ತಿದ್ದವರು ಗಾಬರಿಯಾಗಿ ಫೋನ್ ಮೇಲೆ ಫೋನ್ ಮಾಡಿದ್ದು. ಆಮೇಲೆ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ ಟಿಕೆಟ್ ಸಿಗಲಿಲ್ಲ. ದೊಡ್ಡ ಮಾತೇ, ಇಲ್ಲ ಅನ್ನಲ್ಲ. ಆದರೆ ಓಮ್ನಿ ಗಾಡಿಯಲ್ಲಿ ಇಬ್ಬರೇ ಸಾಮಾನು ತುಂಬಿಕೊಂಡು ಹಾನಗಲ್ಲು, ಶಿಗ್ಗಾವಿ, ಮುಂಡರಗಿ ಅಂತ ಸುತ್ತುವ ನನಗೆ ಆ ಗರಗಸದಿಂದ ಏನಾಗಬೇಕು? ನಾನು ಅವರ 'ಇಂದ್ರಜಾಲ್' ಷೋದಿಂದ ತಗೊಂಡಿದ್ದು ತಂಬಿಗೆ. 'ವಾಟರ್ ಆಫ್ ಇಂಡಿಯಾ'.

ಐಟಮ್ ನಿಮಗೆಲ್ಲ ಗೊತ್ತು: ತಂಬಿಗೆಯ ನೀರನ್ನೆಲ್ಲ ಸುರಿದು ಖಾಲಿ ಅಂತ ತೋರಿಸೋದು, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಅದರಿಂದ ಮತ್ತೆ ನೀರು. ಒಳಗಿನ ಸಂಗತಿಯೂ ಗೊತ್ತು. ಧಾರವಾಡದ ಹಿರಿಯರೊಬ್ಬರಿಗೆ ಇದನ್ನೇ ಇಡೀ ಷೋ ಉದ್ದಕ್ಕೂ ಮಾಡ್ತೀನಿ ಅಂದಾಗ ನಕ್ಕುಬಿಟ್ಟರು. "ತಮ್ಮಾ, ಅದು ಸಾಲಿ ಹುಡುಗರ ಐಟಮ್. ಜಾತ್ರ್ಯಾಗ ಯಾರ ನೋಡ್ತಾರ ಅದನ್ನ?"

ನನ್ನ ಲೆಕ್ಕ ಬೇರೆ ಇತ್ತು. ಪೆಟ್ಟಿಗೆ ಐಟಮ್ ಮುಗಿಸಿ ಜಿಗ್-ಜಾಗ್ (ಒಳಗೆ ನಿಂತವರ ನಡುಭಾಗ ಪಕ್ಕಕ್ಕೆ ಸರಿದಂತೆ ಕಾಣುವ ಎತ್ತರದ ಪೆಟ್ಟಿಗೆ) ನಿಲ್ಲಿಸೋಕೆ ನನ್ನ ಹುಡುಗನಿಗೆ ಒಂದು, ಒಂದೂವರೆ ನಿಮಿಷ ಬೇಕು. ಮೊದಲು ಆ ಹೊತ್ತಿಗೆ ಹಾಡು ಹಾಕುತ್ತಿದ್ದೆ. ಹಾಡು ಬಂತೋ, ಜನ ಎದ್ದು ಗಿರಮಿಟ್ ಅಂಗಡಿಗೆ ಹೊರಟರು. ಅರ್ಧ ಜನ ವಾಪಸ್ ಬರುತ್ತಿರಲಿಲ್ಲ. ಬೇಗ ಆಗಲಿ ಅಂತ ಇನ್ನೊಬ್ಬ ಹುಡುಗನನ್ನು ಇಟ್ಟುಕೊಂಡೆ. ರಾತ್ರಿಗೆ ಆರುನೂರು, ಮೇಲೆ ಊಟ, ಚಹಾ. ಹದಿನೈದು ಸಾವಿರದ ಷೋದಲ್ಲಿ ಪೆಟ್ರೋಲ್, ಮೈಕು ಎಲ್ಲ ಕಳೆದರೆ ಉಳಿಯೋದು ಎಷ್ಟು, ನೀವೇ ಹೇಳಿ. ಸರ್ಕಾರ್ ಹತ್ತಿರ ದೊಡ್ಡ ತಂಡವೇ ಇತ್ತು. ಆದರೂ ಅವರು ದೊಡ್ಡ ಐಟಮ್‌ಗಳ ನಡುವೆ ಮತ್ತೆ ಮತ್ತೆ ಆ ತಂಬಿಗೆಗೇ ಬರುತ್ತಿದ್ದರು. ಸುಮ್ನೆ ಅಲ್ಲ ಅದು.

ಮೊದಲನೇ ತಂಬಿಗೆ ರೆಡಿಮೇಡ್. ಸುಮಾರು ಸಾವಿರದ ಎಂಟುನೂರು ಕೊಟ್ಟೆ. ಮಿರಮಿರ ಮಿಂಚುವ ತಗಡು. ಮೂರು ಸಲ ಸುರಿಯುವಷ್ಟರಲ್ಲಿ ಮುಗಿಯಿತು, ಮೂರನೆಯದು ನಾಲ್ಕು ಹನಿ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಅಂಥ ತಂಬಿಗೆ ನಮ್ಮ ಯಾರ ಮನೆಯಲ್ಲೂ ಇರಲ್ಲ. ನೋಡಿದ ಕೂಡಲೇ ಅನುಮಾನ ಬರುತ್ತೆ.

ಆಮೇಲೆ ಹಳೇ ತಾಮ್ರದ ತಂಬಿಗೆ ಒಂದನ್ನು ಹಿಡಕೊಂಡು ಹುಬ್ಬಳ್ಳಿ ಕಂಚಗಾರ ಗಲ್ಲಿಗೆ ಹೋದೆ. ಕೆಲಸದವರು ತಿರುಗಿಸಿ ಮುರುಗಿಸಿ ನೋಡಿದರು. "ಇದಕ್ಯಾಕ್ರೀ ಎರಡು ಹೊಟ್ಟಿ?" ಅಂದರು. ಪೂಜೆಗೆ ಅಂದೆ. ಮೊದಲು ಮಾಡಿಕೊಟ್ಟಿದ್ದು ಗಾಡಿಯ ಕುಲುಕಾಟಕ್ಕೆ ಬೆಸುಗೆ ಬಿಟ್ಟಿತು. ಷೋ ನಡುವೆ ತಳದಿಂದ ತೊಟ್ಟಿಕ್ಕಿ ನನ್ನ ಪೈಜಾಮ ಒದ್ದೆ. ಮುಂದಿನ ಸಾಲಿನ ಹುಡುಗರಿಗೆ ಅದೇ ಷೋ! ಎರಡನೆಯದು ಗಟ್ಟಿಮುಟ್ಟಾಗಿತ್ತು, ಆದರೆ ತುಂಬಿದರೆ ಮೂರು ಕಿಲೋ ಮೇಲೆ. ಖಾಲಿ ಅಂತ ತೋರಿಸುವಾಗ ಮಣಿಕಟ್ಟು ನಡುಗಿದರೆ ಮುಗೀತು. ಮೂರನೆಯದು ಕೈಗೆ ಕೂತಿತು. ಎಲ್ಲ ಸೇರಿ ಒಂಬತ್ತು-ಹತ್ತು ಸಾವಿರ ಹೋಗಿರಬೇಕು. ಮನೆಯಲ್ಲಿ ಐದು ಅಂತ ಹೇಳಿದ್ದೇನೆ.

ಇನ್ನೊಂದು ಕಾಟ ನೀರು. ಈ ಕಡೆಯ ಬೋರ್ ನೀರು ಗಡಸು. ಕೆಲವು ತಿಂಗಳಲ್ಲಿ ಒಳಗೆ ಬಿಳಿ ಹಕ್ಕಳೆ ಕಟ್ಟಿ ದಾರಿ ಮುಚ್ಚುತ್ತೆ. ಹುಣಸೆ ನೀರು ಬಿಸಿ ಮಾಡಿ ಹಾಕಿ, ರಾತ್ರಿಯಿಡೀ ಬಿಟ್ಟು ತೊಳೆಯಿರಿ. ತಂತಿ ಹಾಕಿ ಕೆರೆಯಬೇಡಿ, ಕಲಾಯಿ ಹೋಗುತ್ತೆ.

ಗದಗ ಕಡೆ ಗಾಳಿಯ ಕಥೆಯೇ ಬೇರೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬಯಲು ವೇದಿಕೆಯಲ್ಲಿ ಎತ್ತರದಿಂದ ಸುರಿದರೆ ಧಾರೆ ಚದುರಿ ಹಿಂದಿನವರಿಗೆ ಕಾಣೋದೇ ಇಲ್ಲ. ಈಗ ಮೊಣಕಾಲಿನ ಎತ್ತರದಲ್ಲಿ ಸ್ಟೀಲ್ ಬಕೆಟ್ ಇಟ್ಟು ಅದರ ಹತ್ತಿರ ಒಂದು ಮೈಕು ಕಟ್ಟುತ್ತೇನೆ. ಕಾಣದಿದ್ದರೂ ಕೇಳಿಸುತ್ತೆ. ಈ ಸದ್ದಿನ ಉಪಾಯ ನನ್ನದೇ, ಯಾರಿಂದಲೂ ಕಲಿತದ್ದಲ್ಲ.

ನಡುವೆ ಮಜ್ಜಿಗೆ ಹಾಕಿಯೂ ನೋಡಿದೆ. ಬೇಸಿಗೆಯಲ್ಲಿ ಚಪ್ಪಾಳೆ ಬಂತು ನಿಜ, ಆದರೆ ಒಂದು ವಾರ ಗಾಡಿ ಹುಳಿ ನಾತ ಹೊಡೆಯಿತು. ಕುಂಕುಮದ ನೀರೂ ಬೇಡ. ಜನ ಕೈ ಮುಗಿಯೋಕೆ ಶುರು ಮಾಡುತ್ತಾರೆ, ಅದು ನಮ್ಮ ದಂಧೆ ಅಲ್ಲ.

ಈಗ ಒಂದೂವರೆ ತಾಸಿನ ಷೋದಲ್ಲಿ ಏಳೆಂಟು ಸಲ ಸುರಿಯುತ್ತೇನೆ. ಮೊದಲ ಎರಡು ಸಲ ಯಾರೂ ಗಮನ ಕೊಡಲ್ಲ, ಕೊಡಬಾರದು ಕೂಡ. ಮೂರನೇ ಸಲ ಒಂದಿಬ್ಬರು ನಗುತ್ತಾರೆ. ನಾಲ್ಕನೇ ಸಲ ನಾನು ತಂಬಿಗೆ ಮರೆತವನಂತೆ ಮುಂದೆ ಹೋಗುತ್ತೇನೆ, ಹುಡುಗರೇ "ಮಾಸ್ತರ್ರ, ತಂಬಿಗಿ! ತಂಬಿಗಿ!" ಅಂತ ಕೂಗುತ್ತಾರೆ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಒಂದು ಊರಿನಲ್ಲಿ ಅಜ್ಜ ಒಬ್ಬರು ಎದ್ದು ನಿಂತು, "ಅದನ್ನ ನಮ್ಮ ಓಣಿ ಟಾಕಿಗೆ ಹಚ್ಚಿ ಹೋಗ್ರೀ" ಅಂದರು. ಜನ ನಕ್ಕು ಮುಗಿಸುವಷ್ಟರಲ್ಲಿ ನನ್ನ ಹುಡುಗ ಜಿಗ್-ಜಾಗ್ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಅಂಥ ಮಾತು ಬಂದರೆ ಉತ್ತರ ಕೊಡಬೇಡಿ, ಸುಮ್ಮನೆ ತಂಬಿಗೆ ನೋಡಿ.

ಕೊನೆಯ ಸಲದ್ದು ಎಲ್ಲಕ್ಕಿಂತ ಜಾಸ್ತಿ ಇರಲೇಬೇಕು. ನನ್ನದು ಅರ್ಧ ಬಕೆಟ್ ತುಂಬುತ್ತೆ. ಅಷ್ಟು ನೀರು ಆ ತಂಬಿಗೆಯಲ್ಲಿ ಹಿಡಿಯಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದು ನನ್ನ ಹತ್ತಿರವೇ ಇರಲಿ.

ಎರಡನೇ ಹುಡುಗನ ಸಂಬಳ ಉಳಿಯಿತು. ಕಳೆದ ಹಂಗಾಮಿನಲ್ಲಿ ಇಪ್ಪತ್ತೈದು-ಮೂವತ್ತು ಷೋ ಆಗಿರಬಹುದು, ಅದರಲ್ಲಿ ಐದಾರು "ಆ ತಂಬಿಗಿ ಮಾಸ್ತರ್ರನ್ನ ಕರೀರಿ" ಅಂತಲೇ ಬಂದಿದ್ದು. ಧಾರವಾಡದ ಹಿರಿಯರು ಮೊನ್ನೆ ಫೋನ್ ಮಾಡಿ, ತಂಬಿಗೆ ಎಲ್ಲಿ ಮಾಡಿಸಿದೆ ಅಂತ ಕೇಳಿದರು. ಗಲ್ಲಿಯ ಹೆಸರು ಹೇಳಿದೆ, ಅಂಗಡಿಯದು ಹೇಳಲಿಲ್ಲ.