ಅಡ್ಮಿಟ್ ಆಗೋ ಮೊದಲೇ ಖರ್ಚಿನ ಚೀಟಿ: ನನ್ನ ಅನುಭವ

ತಾಲ್ಲೂಕು ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುತ್ತೇನೆ. ಆಪರೇಷನ್‌ಗೆ ಎಷ್ಟಾಗುತ್ತೆ ಅಂತ ಕೇಳಿದವರಿಗೆ ಮೊದಲೆಲ್ಲ ಬಾಯಲ್ಲೇ ಹೇಳಿ ಕಳಿಸುತ್ತಿದ್ದೆವು. ಒಮ್ಮೆ ಹರ್ನಿಯಾಕ್ಕೆ 35,000 ಅಂದಿದ್ದೆ. ಡಿಸ್ಚಾರ್ಜ್ ದಿನ ಬಿಲ್ 52,000 ಆಯಿತು. "ಮೇಡಂ, ನೀವು ಹೇಳಿದಷ್ಟೇ ಹೊಂದಿಸಿಕೊಂಡು ಬಂದಿದ್ವಿ" ಅಂದ ರೋಗಿಯ ಮಗಳು ಕಿವಿಯ ಓಲೆ ಬಿಚ್ಚಿ ಗಿರವಿ ಅಂಗಡಿಗೆ ಹೋದರು. ಲೆಕ್ಕ ತಪ್ಪಿರಲಿಲ್ಲ. ಹೊಟ್ಟೆಯ ಒಳಗೆ ಹಾಕುವ ಮೆಷ್ ಅನ್ನೋ ಜಾಲರಿ, ಅನಸ್ತೇಶಿಯಾ ಡಾಕ್ಟರ ಫೀಸು, ಔಷಧಿ ಎಲ್ಲ ಬೇರೆ ಅಂತ ನಾನು ಹೇಳಿರಲಿಲ್ಲ, ಅಷ್ಟೇ. ಅದು ಇವತ್ತಿಗೂ ನೋಯುತ್ತದೆ.

ಬರೆದೇ ಕೊಡೋಣ ಅಂದಾಗ ನಮ್ಮ ಡಾಕ್ಟರು ಅಂಜಿದರು. ಒಳಗೆ ಏನಿರುತ್ತೋ ಗೊತ್ತಿಲ್ಲ, ನಾಳೆ ಜಗಳ ಆಗುತ್ತೆ ಅಂದರು. ಅದಕ್ಕೆ ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್ನಿನ ಹಳೆ ಬಿಲ್ಲು 20-20 ತೆಗೆದು ಕೂತೆ. ಜಾಸ್ತಿ ಬಿಲ್ಲು ಬೆಳೆದಿದ್ದು ಒಂದೆರಡು ದಿನ ಹೆಚ್ಚು ಉಳಿದಿದ್ದಕ್ಕೆ, ಸ್ಪೆಷಲ್ ವಾರ್ಡಿಗೆ ಹೋಗಿದ್ದಕ್ಕೆ. ಇದನ್ನು ಮೊದಲೇ ಹೇಳಬಹುದಿತ್ತು ಅಲ್ವಾ?

ಈಗ ಒಂದೇ ಮೊತ್ತ ಬರೆಯುವುದಿಲ್ಲ, ಇಷ್ಟರಿಂದ ಇಷ್ಟರವರೆಗೆ ಅಂತ ಬರೆಯುತ್ತೇನೆ. ಇದರಲ್ಲಿ ಏನೇನು ಸೇರಿಲ್ಲ, ಒಂದು ದಿನ ಜಾಸ್ತಿಯಾದರೆ ಎಷ್ಟು ಅನ್ನೋದನ್ನು ಅದರ ಕೆಳಗೇ ದಪ್ಪ ಅಕ್ಷರದಲ್ಲಿ ಬರೆದು ಓದಿ ಹೇಳುತ್ತೇನೆ. ಮೊತ್ತ ದಾಟುವ ಹಾಗಿದ್ದರೆ ಅವತ್ತೇ ಮನೆಯವರನ್ನು ಕರೆಯುತ್ತೇನೆ. ಎಮರ್ಜೆನ್ಸಿಯಾದರೆ ಮೊದಲು ಚಿಕಿತ್ಸೆ, ಚೀಟಿ ಆಮೇಲೆ.

ವಿಮೆ ಇರುವವರಿಗೆ ರೂಮಿನ ವಿಷಯ ಬಿಡಿಸಿ ಹೇಳಲೇಬೇಕು. ಪಾಲಿಸಿಯಲ್ಲಿ ದಿನಕ್ಕೆ 3,000 ಮಿತಿ ಇದ್ದು 6,000ದ ರೂಮು ಹಿಡಿದರೆ, ಹಲವು ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಚಾರ್ಜಿಗೂ ಅರ್ಧವೇ ಸಿಗುತ್ತದೆ. ರೂಮಿನ ವ್ಯತ್ಯಾಸ ಕಟ್ಟಿದರೆ ಸಾಕು ಅಂದುಕೊಂಡವರೇ ಜಾಸ್ತಿ.

ಕರ್ನಾಟಕದ 2007ರ ಕೆಪಿಎಂಇ ಕಾಯಿದೆ (ಖಾಸಗಿ ಆಸ್ಪತ್ರೆಗಳ ಕಾಯಿದೆ) ಪ್ರಕಾರ ದರಪಟ್ಟಿ ಜನರಿಗೆ ಸಿಗುವ ಹಾಗಿರಬೇಕು. ನಮ್ಮ ಗೋಡೆ ಮೇಲೂ ಇತ್ತು. ಆದರೆ ನೋವಿನಲ್ಲಿ ಬಂದವರು ಅದನ್ನು ನೋಡಿ ತಮ್ಮ ಖರ್ಚು ಕೂಡಿಸೋದು ಹೇಗೆ?

ಹೋದ ತಿಂಗಳು ಹರ್ನಿಯಾಕ್ಕೆ ಬಂದ ರೈತರೊಬ್ಬರು ಚೀಟಿಯನ್ನು ಎರಡು ಸಲ ಓದಿಸಿಕೊಂಡರು. "ಅಡಿಕೆ ಮಾರಿ ಹದಿನೈದು ದಿನ ಬಿಟ್ಟು ಬರ್ತೀನಿ, ತೊಂದರೆ ಇಲ್ವಾ ಅಮ್ಮಾ?" ಅಂದರು. ಡಾಕ್ಟರನ್ನು ಕೇಳಿ ಬಂದು, ಇಲ್ಲ, ಭಾರ ಮಾತ್ರ ಎತ್ತಬೇಡಿ ಅಂದೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದರು.